‘ನಮ್ಮ ಮನೆಯಲ್ಲಿ ಎಲ್ಲರಿಗೂ ಹಾಗೇ’ ಅಂದಿರಲ್ಲ, ಸುಳಿವು ಅಲ್ಲೇ ಇದೆ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಹಾವೇರಿ ಹತ್ತಿರ ಒಂದು ಹಳ್ಳಿ. ದೊಡ್ಡ ಮಗಳಿಗೆ 13 ವರ್ಷ, ಎಂಟನೇ ಕ್ಲಾಸು. ದೊಡ್ಡವಳಾಗಿ ಹತ್ತು ತಿಂಗಳಾಯಿತು. ಶುರುವಿನಿಂದಲೂ ಮುಟ್ಟಾದರೆ ಎಂಟು ಒಂಬತ್ತು ದಿನ ಹೋಗುತ್ತದೆ, ಗಡ್ಡೆ ಗಡ್ಡೆಯಾಗಿಯೂ ಬೀಳುತ್ತದೆ. ಯುಗಾದಿ ಸಮಯಕ್ಕೆ ಬರುವಂತಿತ್ತು, ಮೆಡಿಕಲ್ ಶಾಪಿನಲ್ಲಿ ಮುಂದೂಡುವ ಮಾತ್ರೆ ತಂದು ಕೊಟ್ಟೆ. ಬಿಟ್ಟ ಮೇಲೆ ಶುರುವಾಗಿದ್ದು ಇವತ್ತಿಗೆ ಹದಿನಾರು ದಿನ, ನಿಂತಿಲ್ಲ. ಸ್ಕೂಲಿಗೆ ಹೋಗುತ್ತಿಲ್ಲ, ಮಲಗೇ ಇರುತ್ತಾಳೆ. ನಮ್ಮ ಅತ್ತೆ ‘ಕೆಟ್ಟ ರಕ್ತ, ಹೋಗಲಿ ಬಿಡು, ಉಷ್ಣದ ಮೈ’ ಅಂತಾರೆ. ನಮ್ಮ ತವರುಮನೆಯಲ್ಲೂ ಎಲ್ಲರಿಗೂ ಹಾಗೇ ಜಾಸ್ತಿ, ನನಗೂ ಹಾಗೇ ಇತ್ತು. ಡಾಕ್ಟರ ಹತ್ತಿರ ಹೋದರೆ ಚಿಕ್ಕ ಹುಡುಗಿಗೆ ಒಳಗಿಂದ ನೋಡುತ್ತಾರೇನೋ ಅಂತ ಭಯ. ಹಾರ್ಮೋನ್ ಮಾತ್ರೆ ಕೊಟ್ಟರೆ ಮುಂದೆ ಮಕ್ಕಳಾಗಲ್ಲ ಅಂತಲೂ ಹೇಳುತ್ತಾರೆ. ಏನು ಮಾಡಲಿ? ಬಿಸಿಲು ಬಂದರೆ ಅವಳ ಮೂಗಿನಲ್ಲೂ ರಕ್ತ ಬರುತ್ತದೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅನ್ನಿಸುತ್ತದೆ, ಸುಮ್ನೆ ಹೇಳಿದೆ.

ಉತ್ತರ: ಆ ಕೊನೆಯ ಸಾಲನ್ನು ಸುಮ್ನೆ ಹೇಳಿದೆ ಅಂದಿರಿ. ನನ್ನ ಕಣ್ಣು ನಿಂತಿದ್ದೇ ಅಲ್ಲಿ. ಆದರೆ ಅದಕ್ಕೆ ಆಮೇಲೆ ಬರೋಣ, ಮೊದಲು ಬೇರೆ ಒಂದು ಕೆಲಸ ಇದೆ.

ಮಗಳನ್ನು ಕರೆದು ಬೆಳಕಿನಲ್ಲಿ ಕೂರಿಸಿ. ಕೆಳಗಿನ ರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡಿ. ನಾಲಿಗೆ ನೋಡಿ, ಅಂಗೈ ನೋಡಿ, ನಿಮ್ಮ ಅಂಗೈ ಪಕ್ಕ ಇಟ್ಟು ಹೋಲಿಸಿ. ಬಿಳಿಚಿಕೊಂಡಿದೆಯಾ? ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದಾ, ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಎದುಸಿರು ಬರುತ್ತದಾ, ಸುಮ್ಮನೆ ಮಲಗಿದ್ದಾಗಲೂ ಎದೆ ಡವಡವ ಅನ್ನುತ್ತದಾ, ಒಂದು ದೊಡ್ಡ ಪ್ಯಾಡ್ ಒಂದೇ ಗಂಟೆಯಲ್ಲಿ ಪೂರ್ತಿ ನೆನೆದು ಎರಡನೆಯ ಗಂಟೆಯೂ ಹಾಗೇ ಆಗುತ್ತಿದೆಯಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಈ ಉತ್ತರ ಓದುತ್ತಾ ಕೂರಬೇಡಿ. ಈಗಲೇ ಜಿಲ್ಲಾ ಆಸ್ಪತ್ರೆಗೆ ಹೊರಡಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ, ರಾತ್ರಿಯಾಗಿದ್ದರೂ ಸರಿ. ಅದು ಯಾವುದೂ ಇಲ್ಲ ಅಂದರೂ ಹದಿನಾರು ದಿನ ಅನ್ನುವುದು ಇನ್ನು ಕಾಯುವ ವಿಷಯ ಅಲ್ಲ. ನಾಳೆ ಬೆಳಿಗ್ಗೆ ಹೋಗಿ. ಇನ್ನೂ ಒಂದು ವಾರ ನೋಡೋಣ ಅನ್ನಬೇಡಿ.

ಇನ್ನು ಅತ್ತೆಯವರ ಮಾತು. ‘ಕೆಟ್ಟ ರಕ್ತ’ ಅನ್ನುವ ಮಾತನ್ನು ನಾನು ಓಪಿಡಿಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಅವರನ್ನು ಬೈಯಲು ಹೋಗುವುದಿಲ್ಲ, ಅವರಿಗೆ ಅವರ ಅತ್ತೆ ಹೇಳಿದ್ದು ಅದೇ. ಆದರೆ ಕೆಟ್ಟ ರಕ್ತ ಅಂತ ಒಂದು ಇಲ್ಲ. ಮುಟ್ಟಿನಲ್ಲಿ ಹೋಗುವುದು ಮೈಯಲ್ಲೆಲ್ಲಾ ಹರಿಯುವ ಅದೇ ರಕ್ತ, ಜೊತೆಗೆ ಗರ್ಭಕೋಶದ ಒಳಪದರದ ಚೂರುಗಳು. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವುದು 30ರಿಂದ 40 ಎಂಎಲ್, ಅಂದರೆ ಎರಡು ಮೂರು ದೊಡ್ಡ ಚಮಚದಷ್ಟು. 80 ಎಂಎಲ್ ದಾಟಿದರೆ ಜಾಸ್ತಿ ಅನ್ನುತ್ತೇವೆ. ಆ ಗೆರೆ ಯಾಕೆ ಅಂದರೆ, ಒಂದು ಎಂಎಲ್ ರಕ್ತದ ಜೊತೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣದ ಅಂಶ ಹೋಗುತ್ತದೆ. 80 ಎಂಎಲ್ ಹೋದರೆ 40 ಮಿಲಿಗ್ರಾಂ ಹೋಯಿತು. ನಾವು ತಿನ್ನುವ ಊಟದಿಂದ ಮೈ ಹೀರಿಕೊಳ್ಳುವುದು ದಿನಕ್ಕೆ ಒಂದರಿಂದ ಎರಡು ಮಿಲಿಗ್ರಾಂ ಅಷ್ಟೇ. ಅದರಲ್ಲಿ ಬೆಳೆಯುವ ಹುಡುಗಿಯ ಮೈಗೂ ಬೇಕು. ತಿಂಗಳ ಗಳಿಕೆ ತಿಂಗಳ ಖರ್ಚಿಗೇ ಸಾಲದ ಮನೆ ಹೇಗೆ ನಡೆಯುತ್ತದೆ ಹೇಳಿ? ಮೊದಲು ಕೂಡಿಟ್ಟಿದ್ದು ಕರಗುತ್ತದೆ, ಆಮೇಲೆ ಹಿಮೋಗ್ಲೋಬಿನ್ ಇಳಿಯುತ್ತದೆ. ನಿಮ್ಮ ಮಗಳು ಸೋಮಾರಿಯಾಗಿ ಮಲಗಿಲ್ಲ, ಆ ಮೈಯಲ್ಲಿ ಎದ್ದು ಓಡಾಡುವಷ್ಟು ರಕ್ತ ಉಳಿದಿದೆಯೋ ಇಲ್ಲವೋ ಮೊದಲು ನೋಡಬೇಕು.

ಎಂಎಲ್ ಲೆಕ್ಕ ಮನೆಯಲ್ಲಿ ಯಾರೂ ಅಳೆಯುವುದಿಲ್ಲ, ಗೊತ್ತು. ಅದಕ್ಕೆ ಪ್ಯಾಡ್ ಲೆಕ್ಕ ಇದೆ. ದಿನಕ್ಕೆ ಮೂರರಿಂದ ಆರು ಪ್ಯಾಡ್, ಏಳು ದಿನದೊಳಗೆ ಮುಗಿಯುವುದು, ಇದು ಸರಿಯಾದ ಮುಟ್ಟು. ಒಂದೆರಡು ಗಂಟೆಗೊಮ್ಮೆ ಬದಲಿಸುವಂತಾದರೆ, ರಾತ್ರಿ ಎದ್ದು ಬದಲಿಸಿದರೂ ಹಾಸಿಗೆ ಕಲೆಯಾದರೆ, ಎರಡು ಪ್ಯಾಡ್ ಒಟ್ಟಿಗೆ ಇಟ್ಟುಕೊಂಡರೆ, ಗಡ್ಡೆಗಳು ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡದಾಗಿ ಬಿದ್ದರೆ, ಅದು ಜಾಸ್ತಿಯೇ. ಬರೆದಿಡುವ ಒಂದು ಪದ್ಧತಿಯೂ ಇದೆ, ನಾನು ಎಲ್ಲ ತಾಯಂದಿರಿಗೂ ಹೇಳಿಕೊಡುತ್ತೇನೆ. ಸ್ವಲ್ಪ ಕಲೆಯಾದ ಪ್ಯಾಡಿಗೆ 1 ಅಂಕ, ಅರ್ಧ ನೆನೆದದ್ದಕ್ಕೆ 5, ಪೂರ್ತಿ ನೆನೆದದ್ದಕ್ಕೆ 20. ಚಿಕ್ಕ ಗಡ್ಡೆಗೆ 1, ದೊಡ್ಡದಕ್ಕೆ 5. ಬಟ್ಟೆಗೆಲ್ಲಾ ಹರಿದು ಹೋದರೆ ಇನ್ನೂ 5. ಮುಟ್ಟು ಮುಗಿದ ಮೇಲೆ ಕೂಡಿ ನೋಡಿದಾಗ 100 ದಾಟಿದರೆ ಜಾಸ್ತಿ. ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಗೀಟು ಹಾಕಿದರೆ ಸಾಕು. ಡಾಕ್ಟರಿಗೆ ‘ತುಂಬಾ ಹೋಗುತ್ತದೆ’ ಅನ್ನುವುದಕ್ಕೂ ‘ನಾಲ್ಕನೇ ದಿನಕ್ಕೇ 140 ಆಗಿತ್ತು’ ಅನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ. ಬಟ್ಟೆ ಬಳಸುವವರಾದರೆ ಅಂಕ ಹೊಂದುವುದಿಲ್ಲ, ಎಷ್ಟು ಸಲ ಬದಲಿಸಿದಳು ಅಂತ ಬರೆದರೂ ಆದೀತು.

ಒಂದು ಮಾತು ಇಲ್ಲಿ ಹೇಳಲೇಬೇಕು. ಈ ಲೆಕ್ಕ ಇಡಬೇಕಾದರೆ ಹುಡುಗಿ ತಾಯಿಯ ಕಣ್ಣ ಮುಂದೆ ಇರಬೇಕು. ನಮ್ಮ ಕಡೆ ಇನ್ನೂ ಎಷ್ಟೋ ಮನೆಗಳಲ್ಲಿ ಹೊರಗಾದವಳು ಮೂಲೆಯಲ್ಲೋ ಪಡಸಾಲೆಯಲ್ಲೋ ಚಾಪೆ ಹಾಕಿಕೊಂಡು ಕೂರಬೇಕು. ತುಮಕೂರು, ಚಿತ್ರದುರ್ಗದ ಕಡೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಹಟ್ಟಿಯ ಹೊರಗೆ ಗುಡಿಸಲಲ್ಲೇ ಇರುವ ಪದ್ಧತಿ ಇದೆ. ಮಡಿ ಮೈಲಿಗೆ ಜಗಳ ನಾನು ಇಲ್ಲಿ ಆಡುವುದಿಲ್ಲ, ನಿಮ್ಮ ಮನೆಯದು ನಿಮಗೆ. ಆದರೆ ಹದಿಮೂರರ ಹುಡುಗಿ ಕತ್ತಲಲ್ಲಿ ಒಬ್ಬಳೇ ಪ್ಯಾಡ್ ಬದಲಿಸಿ ಒಬ್ಬಳೇ ಎಸೆದು ಬಂದರೆ, ಎಷ್ಟು ಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ತಲೆ ಸುತ್ತಿ ಬಿದ್ದ ಮೇಲೆಯೇ ಗೊತ್ತಾಗುವುದು.

ಈಗ ಕಾರಣಕ್ಕೆ ಬರೋಣ. ದೊಡ್ಡವಳಾದ ಮೊದಲ ಎರಡು ಮೂರು ವರ್ಷ ಮುಟ್ಟು ಏರುಪೇರಾಗುವುದು ಬಹಳ ಸಾಮಾನ್ಯ. ಮಿದುಳು ಮತ್ತು ಅಂಡಾಶಯದ ನಡುವಿನ ಮಾತುಕತೆ ಇನ್ನೂ ಹೊಂದಿಕೊಂಡಿರುವುದಿಲ್ಲ. ಪ್ರತಿ ತಿಂಗಳೂ ಅಂಡ ಬಿಡುಗಡೆ ಆಗುವುದಿಲ್ಲ. ನೀವು ಹಳ್ಳಿಯವರು, ಬಣವೆ ಒಟ್ಟುವುದನ್ನು ನೋಡಿದ್ದೀರಿ ಅಲ್ವಾ? ಹುಲ್ಲು ಪೇರಿಸುತ್ತಾ ಹೋಗುವವರು ಒಬ್ಬರು, ಅದನ್ನು ತುಳಿದು ಬಿಗಿ ಮಾಡುವವರು ಇನ್ನೊಬ್ಬರು. ಗರ್ಭಕೋಶದ ಒಳಪದರ ಬೆಳೆಸುವುದು ಈಸ್ಟ್ರೋಜನ್ ಅನ್ನುವ ಹಾರ್ಮೋನು. ಅದನ್ನು ಬಿಗಿಯಾಗಿ ಹಿಡಿದಿಟ್ಟು, ತಿಂಗಳ ಕೊನೆಗೆ ಒಟ್ಟಿಗೇ ಇಳಿಯುವಂತೆ ಮಾಡುವುದು ಪ್ರೊಜೆಸ್ಟರಾನ್. ಅಂಡ ಬಿಡುಗಡೆ ಆದರೆ ಮಾತ್ರ ಈ ಎರಡನೆಯದು ಸರಿಯಾಗಿ ಬರುತ್ತದೆ. ಬಾರದಿದ್ದರೆ ಪದರ ಬೆಳೆಯುತ್ತಲೇ ಹೋಗುತ್ತದೆ, ತುಳಿಯದ ಬಣವೆ ಹಾಗೆ ಇವತ್ತು ಈ ಕಡೆ ಒಂದಿಷ್ಟು ಜಾರುತ್ತದೆ, ನಾಳೆ ಆ ಕಡೆ ಒಂದಿಷ್ಟು, ಇಪ್ಪತ್ತು ದಿನವಾದರೂ ಮುಗಿಯುವುದಿಲ್ಲ. ಈ ವಯಸ್ಸಿನ ಹುಡುಗಿಯರಲ್ಲಿ ನಾವು ನೋಡುವ ಬ್ಲೀಡಿಂಗಿಗೆ ಎಲ್ಲಕ್ಕಿಂತ ಹೆಚ್ಚಾಗಿ ಇದೇ ಕಾರಣ. ಇದು ಕಾಯಿಲೆ ಅಲ್ಲ, ವಯಸ್ಸು. ಆದರೆ ವಯಸ್ಸಿನದು ಅಂದ ಮಾತ್ರಕ್ಕೆ ರಕ್ತ ಕಡಿಮೆಯಾಗದೇ ಇರುತ್ತದಾ? ಅದಕ್ಕೂ ಔಷಧ ಬೇಕಾಗಬಹುದು.

ಹೀಗೆ ಏರುಪೇರು ಅನ್ನುವುದಕ್ಕೂ ಒಂದು ಎಲ್ಲೆ ಇದೆ. ಮೊದಲ ದಿನದಿಂದ ಮುಂದಿನ ಮೊದಲ ದಿನಕ್ಕೆ 21ರಿಂದ 45 ದಿನದ ಅಂತರ ಈ ವಯಸ್ಸಿಗೆ ಪರವಾಗಿಲ್ಲ. ಅದಕ್ಕಿಂತ ಬೇಗ ಬೇಗ ಬಂದರೆ ಅಥವಾ ಒಂದೇ ಸಲ ಆದರೂ 90 ದಿನ ದಾಟಿದರೆ ತೋರಿಸಿ. ಮೂರನೇ ವರ್ಷದ ಹೊತ್ತಿಗೆ ಬಹಳಷ್ಟು ಹುಡುಗಿಯರಿಗೆ ದೊಡ್ಡವರ ಹಾಗೇ ಒಂದು ಅಳತೆಗೆ ಬಂದಿರುತ್ತದೆ.

ಯುಗಾದಿಯ ಮಾತ್ರೆಯೂ ಇಲ್ಲಿ ಸೇರಿಕೊಂಡಿದೆ. ಮುಂದೂಡುವ ಮಾತ್ರೆ ಅಂತ ಅಂಗಡಿಯವರು ಕೊಡುವುದು ಸಾಮಾನ್ಯವಾಗಿ ನಾರೆಥಿಸ್ಟಿರೋನ್, ಪ್ರೊಜೆಸ್ಟರಾನ್ ಜಾತಿಯದ್ದೇ. ತೆಗೆದುಕೊಳ್ಳುವಷ್ಟು ದಿನ ಪದರವನ್ನು ಹಿಡಿದಿಡುತ್ತದೆ, ನಿಲ್ಲಿಸಿದ ಎರಡು ಮೂರು ದಿನಕ್ಕೆ ಬಿಟ್ಟುಬಿಡುತ್ತದೆ. ಮೊದಲೇ ಜಾಸ್ತಿ ಹೋಗುವ ಹುಡುಗಿಗೆ ಆಮೇಲೆ ಬರುವುದು ಜೋರಾಗಿಯೇ ಬರಬಹುದು. ನೀವು ಮಾಡಿದ್ದು ಮಹಾಪರಾಧ ಅಂತ ಹೇಳುತ್ತಿಲ್ಲ, ಗೃಹಪ್ರವೇಶ, ಜಾತ್ರೆ, ಶಬರಿಮಲೆಗೆ ಹೋಗುವ ಮನೆ, ಎಲ್ಲದಕ್ಕೂ ಈ ಮಾತ್ರೆ ಕೇಳಿ ನನ್ನ ಹತ್ತಿರವೇ ಬರುತ್ತಾರೆ. ಆದರೆ ಡಾಕ್ಟರನ್ನು ಕೇಳದೆ ಹುಡುಗಿಗೆ ಕೊಡಬೇಡಿ. ನಾಳೆ ಹೋಗುವಾಗ ಆ ಖಾಲಿ ಸ್ಟ್ರಿಪ್ ಹುಡುಕಿ ತೆಗೆದುಕೊಂಡು ಹೋಗಿ, ಯಾವತ್ತಿಂದ ಯಾವತ್ತಿನವರೆಗೆ ಎಷ್ಟು ಕೊಟ್ಟಿರಿ ಅಂತ ಹೇಳಿ.

ಸರಿ, ಮಾತ್ರೆಯಿಂದಲೇ ಹೀಗಾಯಿತು ಅಂತ ಇಲ್ಲಿಗೇ ಮುಗಿಸಬಹುದಿತ್ತು. ಆದರೆ ನಿಮ್ಮ ಪತ್ರದಲ್ಲಿ ಮೂರು ಮಾತು ಬೇರೆ ಬೇರೆ ಕಡೆ ಬಿದ್ದಿವೆ. ಮೊದಲ ಮುಟ್ಟಿನಿಂದಲೂ ಎಂಟು ಒಂಬತ್ತು ದಿನ. ತವರುಮನೆಯಲ್ಲಿ ಎಲ್ಲರಿಗೂ ಜಾಸ್ತಿ. ಮೂಗಿನಲ್ಲಿ ರಕ್ತ. ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿ ನೋಡಿ. ಬಣವೆ ಜಾರಿದ್ದಷ್ಟೇ ಆದರೆ ಮೂಗಿನಲ್ಲಿ ಯಾಕೆ ರಕ್ತ ಬರಬೇಕು?

ಗಾಯವಾದಾಗ ರಕ್ತ ನಿಲ್ಲಬೇಕಾದರೆ ಮೊದಲು ರಕ್ತದಲ್ಲಿರುವ ಪ್ಲೇಟ್‌ಲೆಟ್ ಅನ್ನುವ ಸಣ್ಣ ಕಣಗಳು ಓಡಿ ಬಂದು ರಕ್ತನಾಳದ ಗೋಡೆಗೆ ಅಂಟಬೇಕು. ಆ ಅಂಟು ಒಂದು ಪ್ರೋಟೀನು, ಹೆಸರು ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್. ಕೆಲವರಿಗೆ ಹುಟ್ಟಿನಿಂದಲೇ ಆ ಅಂಟು ಕಡಿಮೆ, ಅಥವಾ ಇದ್ದರೂ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಅನ್ನುತ್ತೇವೆ. ಹುಟ್ಟಿನಿಂದ ಬರುವ ರಕ್ತ ನಿಲ್ಲದ ಕಾಯಿಲೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಇದೇ. ಹಿಮೋಫಿಲಿಯಾ ಹೆಸರು ಜನರಿಗೆ ಗೊತ್ತು, ಅದು ಹೆಚ್ಚಾಗಿ ಗಂಡುಮಕ್ಕಳದ್ದು. ಇದು ಹೆಣ್ಣಿಗೂ ಬರುತ್ತದೆ, ಗಂಡಿಗೂ ಬರುತ್ತದೆ. ಬಹಳಷ್ಟು ಜನರಲ್ಲಿ ಸೌಮ್ಯವಾಗಿಯೇ ಇರುತ್ತದೆ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಮಗುವಿಗೆ ಬರಬಹುದು. ಸಣ್ಣವಳಿದ್ದಾಗ ಮೊಣಕಾಲು ತರಚಿದ್ದು ಬಿಟ್ಟರೆ ದೊಡ್ಡ ಗಾಯ ಏನೂ ಆಗಿರುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಿರುವುದಿಲ್ಲ. ಹೆಣ್ಣುಮಗುವಿನ ಮೈಗೆ ಬರುವ ಮೊದಲ ದೊಡ್ಡ ಪರೀಕ್ಷೆ ಅಂದರೆ ಮೊದಲ ಮುಟ್ಟು.

ಈ ಕಾಯಿಲೆ ಗೊತ್ತಾಗಿದ್ದೇ ಒಬ್ಬ ಹುಡುಗಿಯಿಂದ. ಫಿನ್ಲೆಂಡಿಗೆ ಸೇರಿದ ಓಲಂಡ್ ದ್ವೀಪಗಳಲ್ಲಿ ಒಂದು ಮನೆ. 1924ರಲ್ಲಿ ಐದು ವರ್ಷದ ಮಗುವನ್ನು ಎರಿಕ್ ವಾನ್ ವಿಲ್ಲೆಬ್ರಾಂಡ್ ಅನ್ನುವ ಡಾಕ್ಟರ ಹತ್ತಿರ ಕರೆದುಕೊಂಡು ಬಂದರು. ಮೂಗು, ತುಟಿ, ಸಣ್ಣಪುಟ್ಟ ಗಾಯ, ಎಲ್ಲಿ ಶುರುವಾದರೂ ರಕ್ತ ನಿಲ್ಲುತ್ತಿರಲಿಲ್ಲ. ಅವರು ಆ ಮನೆತನವನ್ನೇ ಕೂತು ವಿಚಾರಿಸಿದರು, 1926ರಲ್ಲಿ ಬರೆದು ಪ್ರಕಟಿಸಿದರು. ಆ ಮನೆಯಲ್ಲಿ ಹೆಣ್ಣುಮಕ್ಕಳು ರಕ್ತ ಹೋಗಿಯೇ ತೀರಿಕೊಂಡಿದ್ದರು. ಆ ಹುಡುಗಿಯೂ ಹದಿಮೂರನೇ ವಯಸ್ಸಿನಲ್ಲಿ, ತನ್ನ ನಾಲ್ಕನೇ ಮುಟ್ಟಿನಲ್ಲಿ, ರಕ್ತ ನಿಲ್ಲದೆ ತೀರಿಕೊಂಡಳು. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಅವಳದು ಬಹಳ ತೀವ್ರವಾದ ಬಗೆ, ಆಗ ಔಷಧವೂ ಇರಲಿಲ್ಲ. ಈಗ ಇದೆ, ಅದಕ್ಕೇ ಹೇಳಿದೆ.

ನಾನೇ ಒಂದು ಸಲ ತಪ್ಪಿದ್ದೇನೆ, ಅದನ್ನೂ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸದು. ಪಿಯುಸಿ ಓದುವ ಹುಡುಗಿ, 12 ಇರಬೇಕಾದ ಹಿಮೋಗ್ಲೋಬಿನ್ 4.2, ರಾತ್ರಿ ಹನ್ನೊಂದಕ್ಕೆ ಟೆಂಪೋದಲ್ಲಿ ಹಾಕಿಕೊಂಡು ಬಂದರು. ರಕ್ತ ಕೊಟ್ಟೆವು, ಹಾರ್ಮೋನ್ ಕೊಟ್ಟೆವು, ನಿಂತಿತು, ಕಳಿಸಿದೆ. ‘ವಯಸ್ಸಿನದು, ಸರಿಹೋಗುತ್ತದೆ’ ಅಂತ ಹೇಳಿ ಕಳಿಸಿದೆ. ಐದು ತಿಂಗಳಿಗೆ ಮತ್ತೆ ಬಂದಳು, ಅದೇ ಸ್ಥಿತಿ. ಈ ಸಲ ಅವಳ ತಾಯಿಯನ್ನು ಪಕ್ಕಕ್ಕೆ ಕೂರಿಸಿ ನಿಮ್ಮದು ಹೇಗೆ ಅಂತ ಕೇಳಿದೆ. ‘ನಂದೇನ್ರೀ, ಮೂವತ್ತೆರಡಕ್ಕೇ ಗರ್ಭಕೋಶ ತೆಗೆಸಿಬಿಟ್ಟರು, ಸಾಕಾಗಿತ್ತು. ನಮ್ಮವ್ವ ಹೆರಿಗೆಯಲ್ಲಿ ರಕ್ತ ಹೋಗಿ ಸತ್ತಳು’ ಅಂದರು, ಮನೆಯಲ್ಲಿ ಎಲ್ಲರಿಗೂ ಹಾಗೇ ಅಂತ. ಮೊದಲ ಸಲವೇ ಆ ಒಂದು ಪ್ರಶ್ನೆ ನಾನು ಕೇಳಿದ್ದರೆ ಆ ಹುಡುಗಿಗೆ ಎರಡನೇ ಸಲ ರಕ್ತ ಏರಿಸಬೇಕಾಗುತ್ತಿರಲಿಲ್ಲ. ಪರೀಕ್ಷೆಗೆ ಕಳಿಸಿದೆವು, ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಅಂತಲೇ ಬಂತು.

‘ನಮ್ಮ ಮನೆಯಲ್ಲಿ ಎಲ್ಲರಿಗೂ ಹಾಗೇ’ ಅಂದಾಗ ನಾವು ಸಮಾಧಾನ ಪಟ್ಟುಕೊಳ್ಳುತ್ತೇವೆ, ಎಲ್ಲರಿಗೂ ಇದ್ದರೆ ಅದು ಮಾಮೂಲು ಅಂತ. ಆದರೆ ಮನೆತನದಲ್ಲೇ ಬರುವ ಕಾಯಿಲೆ ಎಲ್ಲರಿಗೂ ಹಾಗೇ ತಾನೇ ಇರಬೇಕು? ತುಂಬಾ ಬ್ಲೀಡಿಂಗ್ ಆಗುವ ಹದಿಹರೆಯದ ಹುಡುಗಿಯರಲ್ಲಿ ಐವರಲ್ಲಿ ಒಬ್ಬಳಿಗೆ ಇಂಥ ಯಾವುದಾದರೂ ಒಂದು ತೊಂದರೆ ಇರಬಹುದು ಅನ್ನುತ್ತಾರೆ, ಆಸ್ಪತ್ರೆಗೆ ಸೇರಿಸುವಷ್ಟು ಹೋಗುವವರಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಇವತ್ತು ರಾತ್ರಿ ಫೋನ್ ಹಚ್ಚಿ ನಿಮ್ಮ ಅವ್ವನನ್ನು, ಅಕ್ಕತಂಗಿಯರನ್ನು, ಸೋದರಮಾವಂದಿರನ್ನೂ ವಿಚಾರಿಸಿ. ಹಲ್ಲು ಕೀಳಿಸಿದಾಗ ರಾತ್ರಿಯೆಲ್ಲಾ ರಕ್ತ ಬಂದಿತ್ತಾ? ಹೆರಿಗೆಯಲ್ಲಿ ರಕ್ತ ಏರಿಸಬೇಕಾಯಿತಾ? ಯಾರದ್ದಾದರೂ ಗರ್ಭಕೋಶ ಚಿಕ್ಕ ವಯಸ್ಸಿಗೇ ತೆಗೆದರಾ, ಯಾಕೆ ತೆಗೆದರು? ಮಗಳ ಮೈಮೇಲೆ ಏಟು ಬೀಳದೆಯೇ ನೀಲಿ ಕಲೆಗಳಾಗುತ್ತವಾ? ಮೂಗಿನ ರಕ್ತ ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲುವುದಿಲ್ಲವಾ? ನಿಮ್ಮದು ಸಂಬಂಧದಲ್ಲೇ ಆದ ಮದುವೆ ಆಗಿದ್ದರೆ, ಅತ್ತೆ ಮಗನೋ ಸೋದರಮಾವನೋ ಆಗಿದ್ದರೆ, ಅದನ್ನೂ ಡಾಕ್ಟರಿಗೆ ಹೇಳಿ. ಪ್ಲೇಟ್‌ಲೆಟ್ ಸಂಖ್ಯೆ ಸರಿಯಿದ್ದೂ ಕೆಲಸ ಮಾಡದ ಗ್ಲಾನ್ಸ್‌ಮನ್ ಅನ್ನುವ ಅಪರೂಪದ ಕಾಯಿಲೆ, ರಕ್ತಸಂಬಂಧದ ಮದುವೆಗಳಿರುವ ಕಡೆ ಹೆಚ್ಚು ಕಾಣುತ್ತದೆ.

ಬೇರೆ ಕಾರಣಗಳೂ ಇವೆ, ಬೇಗ ಹೇಳಿಬಿಡುತ್ತೇನೆ. ಥೈರಾಯ್ಡ್ ಕಡಿಮೆ ಇದ್ದರೆ ಆಗುತ್ತದೆ. ಅಂಡಾಶಯದ ಹಾರ್ಮೋನ್ ಏರುಪೇರಾಗುವ ಪಿಸಿಓಡಿ ಇದ್ದರೆ ತಿಂಗಳುಗಟ್ಟಲೆ ಬಾರದೆ ಆಮೇಲೆ ಒಮ್ಮೆಲೇ ಸುರಿಯುತ್ತದೆ. ಫಿಟ್ಸಿಗೆ, ರಕ್ತ ತೆಳುವಾಗಲು ಕೊಡುವ ಕೆಲವು ಮಾತ್ರೆಗಳಿಂದಲೂ ಆಗಬಹುದು. ಪ್ಲೇಟ್‌ಲೆಟ್ ತಾನಾಗಿಯೇ ಕಡಿಮೆಯಾಗುವ ಐಟಿಪಿ ಇದೆ, ಬಹಳ ಅಪರೂಪಕ್ಕೆ ರಕ್ತದ ಕ್ಯಾನ್ಸರೂ ಹೀಗೆ ಮುಖ ತೋರಿಸುತ್ತದೆ. ಮಳೆಗಾಲದಲ್ಲಿ ಜ್ವರದ ಜೊತೆ ಮುಟ್ಟು ಜೋರಾದರೆ ಮೊದಲು ಡೆಂಗ್ಯೂ ನೋಡಬೇಕು. ಇನ್ನು ಡಾಕ್ಟರು ಗರ್ಭಿಣಿಯಾ ಅಂತಲೂ ಒಂದು ಮೂತ್ರ ಪರೀಕ್ಷೆ ಮಾಡಿಸುತ್ತಾರೆ. ‘ನಮ್ಮ ಹುಡುಗಿ ಅಂಥವಳಲ್ಲ’ ಅಂತ ಸಿಟ್ಟಾಗಬೇಡಿ. ಈ ದೂರಿಗೆ ಯಾರು ಬಂದರೂ, ನನ್ನ ಅಣ್ಣನ ಮಗಳು ಬಂದರೂ, ಅದನ್ನು ಮಾಡಿಸಿಯೇ ಮುಂದೆ ಹೋಗುತ್ತೇನೆ. ಡಾಕ್ಟರು ಹುಡುಗಿಯ ಜೊತೆ ಐದು ನಿಮಿಷ ಒಬ್ಬಳೇ ಮಾತಾಡಬೇಕು ಅಂದರೆ ಬಿಡಿ. ತಾಯಿಯ ಮುಂದೆ ಹೇಳಲಾಗದ ಮಾತು ಆ ವಯಸ್ಸಿನಲ್ಲಿ ಬೇಕಾದಷ್ಟಿರುತ್ತವೆ, ಎಲ್ಲವೂ ನೀವು ಹೆದರುವಂಥದ್ದೇ ಆಗಬೇಕಿಲ್ಲ.

ನಿಮ್ಮ ದೊಡ್ಡ ಭಯ, ಒಳಗಿಂದ ನೋಡುತ್ತಾರಾ ಅಂತ. ಇಲ್ಲ. ಇಂಥ ಹುಡುಗಿಯರಲ್ಲಿ ಅದು ಬೇಕಾಗುವುದೇ ತೀರಾ ಕಡಿಮೆ. ನಾಡಿ, ಬಿಪಿ, ಹೊಟ್ಟೆ ಮುಟ್ಟಿ ನೋಡುತ್ತಾರೆ, ಚರ್ಮದ ಮೇಲೆ ಕಲೆ ಇದೆಯಾ ನೋಡುತ್ತಾರೆ, ಬೇಕಾದರೆ ಹೊರಗಿನಿಂದಷ್ಟೇ ಒಮ್ಮೆ ಕಣ್ಣು ಹಾಯಿಸುತ್ತಾರೆ, ನೀವು ಪಕ್ಕದಲ್ಲೇ ಇರುತ್ತೀರಿ. ಸ್ಕ್ಯಾನಿಂಗ್ ಅಂದರೆ ಹೊಟ್ಟೆಯ ಮೇಲಿನಿಂದ, ಮೂತ್ರ ತುಂಬಿಸಿಕೊಂಡು ಹೋಗಬೇಕು ಅಷ್ಟೇ. ಯಾರಾದರೂ ಒಳಗಿನಿಂದ ಸ್ಕ್ಯಾನ್ ಅಂದರೆ ಬೇಡ, ಹೊಟ್ಟೆಯ ಮೇಲಿಂದ ಮಾಡಿ ಅಂತ ಹೇಳುವ ಹಕ್ಕು ನಿಮಗೂ ಅವಳಿಗೂ ಇದೆ. ಗರ್ಭಕೋಶದ ಒಳಪದರ ಕೆರೆದು ತೆಗೆಯುವ ‘ಡಿ ಅಂಡ್ ಸಿ’ ಮಾಡಿ ಕ್ಲೀನ್ ಮಾಡೋಣ ಅಂದರೆ ಇನ್ನೊಬ್ಬರನ್ನೂ ಕೇಳಿ, ಹದಿಮೂರರ ಹುಡುಗಿಗೆ ಅದು ಮೊದಲ ಉಪಾಯ ಅಲ್ಲವೇ ಅಲ್ಲ.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಮತ್ತು ಪ್ಲೇಟ್‌ಲೆಟ್ ಬರುವ ಸಿಬಿಸಿ, ಕಬ್ಬಿಣದ ಉಳಿಕೆ ತೋರಿಸುವ ಫೆರಿಟಿನ್, ಥೈರಾಯ್ಡಿಗೆ ಟಿಎಸ್‌ಎಚ್, ರಕ್ತದ ಗುಂಪು, ಹೆಪ್ಪುಗಟ್ಟುವ ಪರೀಕ್ಷೆಗಳಾದ ಪಿಟಿ, ಎಪಿಟಿಟಿ, ಇಷ್ಟು ಜಿಲ್ಲಾ ಮಟ್ಟದಲ್ಲಿ ಆಗುತ್ತದೆ. ಗಮನ ಇಡಬೇಕಾದ್ದು ಏನು ಅಂದರೆ, ಈ ಪಿಟಿ, ಎಪಿಟಿಟಿ ನಾರ್ಮಲ್ ಬಂದ ಕೂಡಲೇ ‘ರಕ್ತ ಸರಿಯಿದೆ’ ಅಂತ ಫೈಲು ಮುಚ್ಚುವವರೇ ಜಾಸ್ತಿ. ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಇದ್ದವರಿಗೂ ಅವು ನಾರ್ಮಲ್ ಬರಬಹುದು. ಅದಕ್ಕೆ ಆ ಫ್ಯಾಕ್ಟರನ್ನೇ ಅಳೆಯುವ ಬೇರೆ ಪರೀಕ್ಷೆ ಬೇಕು. ಭಯ, ಜ್ವರ, ಈಸ್ಟ್ರೋಜನ್ ಮಾತ್ರೆ, ಇವುಗಳಿಂದ ಆ ಫ್ಯಾಕ್ಟರು ತಾತ್ಕಾಲಿಕವಾಗಿ ಏರುತ್ತದೆ, ಓ ಗುಂಪಿನವರಲ್ಲಿ ಹುಟ್ಟಾ ಸ್ವಲ್ಪ ಕಡಿಮೆಯೇ ಇರುತ್ತದೆ. ಹೀಗಾಗಿ ಒಂದು ಸಲದ ಫಲಿತಾಂಶ ನಂಬಿ ಕೂರಲು ಆಗುವುದಿಲ್ಲ, ಮತ್ತೆ ಮಾಡಿಸಬೇಕಾಗಬಹುದು. ಆಗುವುದಾದರೆ ಹಾರ್ಮೋನ್ ಶುರು ಮಾಡುವ ಮುಂಚೆಯೇ ರಕ್ತ ತೆಗೆದಿಡಲು ಕೇಳಿ. ಆದರೆ ಅದಕ್ಕಾಗಿ ಚಿಕಿತ್ಸೆ ತಡ ಮಾಡಬಾರದು, ಮೊದಲು ಜೀವ. ನಿಮಗೆ ದಾವಣಗೆರೆ ಹತ್ತಿರ. ಅಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ, ರಕ್ತ ಹೆಪ್ಪುಗಟ್ಟದ ಕಾಯಿಲೆಯವರಿಗಾಗಿಯೇ ಕೆಲಸ ಮಾಡುವವರು. ನಿಮ್ಮ ಡಾಕ್ಟರಿಂದ ಒಂದು ಚೀಟಿ ಬರೆಸಿಕೊಂಡು ಅಲ್ಲಿ ವಿಚಾರಿಸಬಹುದು.

ಚಿಕಿತ್ಸೆ ಏನು ಅಂತ ಸ್ವಲ್ಪ ಗೊತ್ತಿರಲಿ, ನೀವೇ ತಂದು ಕೊಡಲಿಕ್ಕಲ್ಲ. ಟ್ರಾನೆಕ್ಸಾಮಿಕ್ ಆಸಿಡ್ ಅನ್ನುವ ಮಾತ್ರೆ ಇದೆ. ಹಾರ್ಮೋನ್ ಅಲ್ಲ. ಕಟ್ಟಿಕೊಂಡ ಹೆಪ್ಪು ಕರಗದ ಹಾಗೆ ನೋಡಿಕೊಳ್ಳುತ್ತದೆ. ಮುಟ್ಟಿನ ಜೋರಿನ ದಿನಗಳಲ್ಲಿ ಮಾತ್ರ, ಸಾಮಾನ್ಯವಾಗಿ ಐದು ದಿನಕ್ಕೆ ಮೀರದ ಹಾಗೆ. ಹೋಗುವ ರಕ್ತವನ್ನು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸುತ್ತದೆ. ಇದನ್ನು ಕಂಡುಹಿಡಿದದ್ದು ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಗಂಡ, 1962ರಲ್ಲಿ. ಹೆರಿಗೆಯ ನಂತರ ರಕ್ತ ಹೋಗಿ ಸಾಯುವ ಹೆಂಗಸರನ್ನು ಉಳಿಸಬೇಕು ಅಂತಲೇ ಉತಾಕೊ ಈ ಕೆಲಸಕ್ಕೆ ಇಳಿದವರು. ನನ್ನ ಮೇಜಿನ ಮೇಲೆ ಯಾರದ್ದಾದರೂ ಫೋಟೋ ಇಡುವುದಾದರೆ ಅವರದ್ದು ಇಡಬೇಕು ಅಂತ ಎಷ್ಟೋ ಸಲ ಅನ್ನಿಸಿದೆ. ಹೊಟ್ಟೆನೋವಿಗೆ ಕೊಡುವ ಮೆಫೆನಾಮಿಕ್ ಆಸಿಡ್ ಕೂಡ ಬ್ಲೀಡಿಂಗ್ ಕಡಿಮೆ ಮಾಡುತ್ತದೆ, ಆದರೆ ನಿಮ್ಮ ಮಗಳಿಗೆ ಅದು ಬೇಡ, ಬ್ರೂಫೆನ್, ಆಸ್ಪಿರಿನ್ ಕೂಡ ಬೇಡ. ಇವೆಲ್ಲ ಪ್ಲೇಟ್‌ಲೆಟ್ ಕೆಲಸಕ್ಕೆ ಅಡ್ಡ ಬರುತ್ತವೆ, ಮನೆತನದ ತೊಂದರೆ ಇಲ್ಲ ಅಂತ ಗೊತ್ತಾಗುವವರೆಗೆ ಮುಟ್ಟಬೇಡಿ. ನೋವಿದ್ದರೆ ಪ್ಯಾರಾಸಿಟಮಾಲ್ ಸಾಕು.

ಹಾರ್ಮೋನ್ ಮಾತ್ರೆ ಕೊಟ್ಟರೆ ಮಕ್ಕಳಾಗಲ್ಲ ಅನ್ನುವುದು ಸುಳ್ಳು. ಅವು ಕೆಲವು ತಿಂಗಳು ಆ ಬಣವೆಯನ್ನು ತುಳಿದು ಬಿಗಿ ಮಾಡುವ ಆಳಿನ ಕೆಲಸ ಮಾಡುತ್ತವೆ, ಅಂಡಾಶಯ ಆ ಕೆಲಸ ಕಲಿಯುವವರೆಗೆ. ನಿಲ್ಲಿಸಿದ ಮೇಲೆ ಮೈಯಲ್ಲಿ ಉಳಿಯುವುದಿಲ್ಲ. ಗರ್ಭನಿರೋಧಕ ಮಾತ್ರೆಯನ್ನೇ ಬರೆದುಕೊಟ್ಟರೆ ಬೆಚ್ಚಿಬೀಳಬೇಡಿ, ಹೆಸರು ನೋಡಿ ಹೆದರುವುದು ಬೇಡ, ಇಲ್ಲಿ ಅದು ರಕ್ತ ನಿಲ್ಲಿಸುವ ಔಷಧ. ಆದರೆ ಮನೆಯಲ್ಲಿ ಯಾರಿಗಾದರೂ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದರೆ, ಅಥವಾ ಕಣ್ಣ ಮುಂದೆ ಮಿಂಚು ಬಂದು ಅರೆತಲೆನೋವು ಬರುವ ಅಭ್ಯಾಸ ಹುಡುಗಿಗೆ ಇದ್ದರೆ, ಮೊದಲೇ ಹೇಳಿ. ಇನ್ನೊಂದು, ರಕ್ತ ನಿಂತಿತಲ್ಲ ಅಂತ ಮೂರನೇ ದಿನಕ್ಕೆ ಮಾತ್ರೆ ನಿಲ್ಲಿಸಬೇಡಿ. ಯುಗಾದಿಯ ನಂತರ ಆದದ್ದೇ ಮತ್ತೆ ಆಗುತ್ತದೆ. ಹೇಗೆ ಇಳಿಸುತ್ತಾ ಬರಬೇಕು ಅಂತ ಡಾಕ್ಟರು ಬರೆದುಕೊಟ್ಟಿರುತ್ತಾರೆ, ಹಾಗೇ ಮಾಡಿ.

ರಕ್ತ ನಿಲ್ಲಿಸುವುದು ಅರ್ಧ ಕೆಲಸ, ಹೋದದ್ದನ್ನು ತುಂಬುವುದು ಇನ್ನರ್ಧ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (ಎನ್‌ಎಫ್‌ಎಚ್‌ಎಸ್) 2019-21ರ ಲೆಕ್ಕದಲ್ಲಿ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ ಇತ್ತು. ಸ್ಕೂಲಿನಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆ ಇದೆಯಲ್ಲ, 60 ಮಿಲಿಗ್ರಾಂ ಕಬ್ಬಿಣದ್ದು, ಅದನ್ನು ಕೊಡುವುದು ರಕ್ತ ಕಡಿಮೆಯಾಗದಿರಲಿ ಅಂತ. ಆಗಲೇ ಕಡಿಮೆಯಾದವಳಿಗೆ ಸಾಲುವುದಿಲ್ಲ, ಡಾಕ್ಟರು ಬೇರೆ ಲೆಕ್ಕ ಹಾಕಿ ಕೊಡುತ್ತಾರೆ. ಹಿಮೋಗ್ಲೋಬಿನ್ 12 ಮುಟ್ಟಿದ ಮೇಲೂ ಮೂರು ತಿಂಗಳು ಮುಂದುವರಿಸಬೇಕು, ಇಲ್ಲಿ ಎಲ್ಲರೂ ಎಡವುತ್ತಾರೆ. ನಿಂಬೆಹಣ್ಣಿನ ಪಾನಕದ ಜೊತೆ ಕೊಡಿ. ಚಹಾ, ಕಾಫಿ, ಹಾಲಿನ ಜೊತೆ ಬೇಡ, ಒಂದೆರಡು ಗಂಟೆ ಅಂತರ ಇರಲಿ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಹೊಟ್ಟೆ ತೊಳಸಿದರೆ ದಿನ ಬಿಟ್ಟು ದಿನ ಕೊಡಬಹುದಾ ಕೇಳಿ, ಹಾಗೆ ಕೊಟ್ಟರೂ ಮೈ ಚೆನ್ನಾಗಿಯೇ ಹೀರಿಕೊಳ್ಳುತ್ತದೆ. ಬೀಟ್‌ರೂಟ್ ಕೆಂಪಗಿದೆ ಅಂತ ರಕ್ತ ಆಗುವುದಿಲ್ಲ, ತಿನ್ನಲಿ, ಆದರೆ ಅದನ್ನೇ ನಂಬಿ ಮಾತ್ರೆ ಬಿಡಬೇಡಿ. ಸೊಪ್ಪು, ಹುರುಳಿ, ಹೆಸರುಕಾಳು, ಮೊಟ್ಟೆ, ಮಾಂಸ ತಿನ್ನುವ ಮನೆಯಾದರೆ ವಾರಕ್ಕೊಮ್ಮೆ ಲಿವರ್. ದೊಡ್ಡವಳಾದಾಗ ಆರತಿ ಸಮಯದಲ್ಲಿ ಅತ್ತೆಯವರಂಥವರು ಮಾಡಿಕೊಡುವ ಎಳ್ಳು ಬೆಲ್ಲದ ಚಿಗಳಿ ಒಳ್ಳೆಯದೇ, ಅದನ್ನು ಅವರಿಗೂ ಹೇಳಿ. ‘ಉಷ್ಣ’ ಅಂತ ಅದನ್ನು ನಿಲ್ಲಿಸುವುದು ಬೇಕಾಗಿಲ್ಲ. ಜಂತುಹುಳುವಿನ ಮಾತ್ರೆ ಆರು ತಿಂಗಳಿಗೊಮ್ಮೆ ಸ್ಕೂಲಿನಲ್ಲೇ ಕೊಡುತ್ತಾರೆ, ರಜೆ ಹಾಕಿದ ದಿನವೇ ಕೊಟ್ಟಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ನಾಳೆ ಹೋಗುವಾಗ ನೀವೂ ಒಂದು ಟ್ಯೂಬ್ ರಕ್ತ ಕೊಟ್ಟು ಬನ್ನಿ. ನಿಮ್ಮದೂ ಹಾಗೇ ಇತ್ತು ಅಂದಿರಲ್ಲ, ನಿಮ್ಮ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಕೊನೆಯ ಸಲ ನೋಡಿದ್ದು ಯಾವಾಗ, ಹೆರಿಗೆಯಲ್ಲಾ? ದೊಡ್ಡ ಮಗಳು ಅಂದಿರಿ, ಅಂದರೆ ಚಿಕ್ಕವಳೂ ಇರಬೇಕು. ಅಕ್ಕನಿಗೆ ಏನಾದರೂ ಬಂದರೆ ಅವಳದ್ದನ್ನೂ ಪರೀಕ್ಷೆ ಮಾಡಿಸಿ, ಅವಳು ದೊಡ್ಡವಳಾಗುವ ಮುಂಚೆಯೇ. ಗಂಡುಮಗ ಇದ್ದರೆ ಅವನದ್ದೂ ಮಾಡಿಸಿ. ಅವನ ಹಲ್ಲು ಕೀಳಿಸುವ ದಿನ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾದರೆ ಮೇಲು. ರಿಪೋರ್ಟ್ ಬಂದ ಮೇಲೆ ಮತ್ತೆ ಬರೆಯಿರಿ, ಆ ಪ್ಯಾಡಿನ ಅಂಕಗಳನ್ನೂ ಸೇರಿಸಿ.